ರೋಮನ್ ಲೀಜನ್ ಸೈನಿಕರ ಸಮಾಧಿಕಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಮನ್ ಸೈನಿಕರ ಸಮಾಧಿಕಲ್ಲುಗಳ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು ಉತ್ತರಿಸಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಒಂದೆರಡು ವಸ್ತುಸಂಗ್ರಹಾಲಯಗಳನ್ನು ಸುತ್ತಿ ಬಂದವರಿಗೆ. ಲ್ಯಾಟಿನ್ ಹೆಸರುಗಳನ್ನು ರೋಮನ್ನರ ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಬರೆದಿದ್ದೇನೆ.

## ಆರಂಭದ ಪ್ರಶ್ನೆಗಳು

ಇವನ್ನು ರೋಮನ್ನರ ವೀರಗಲ್ಲು ಅನ್ನಬಹುದಲ್ಲವೇ?

ಅನ್ನದಿರುವುದೇ ಒಳ್ಳೆಯದು. ವೀರಗಲ್ಲು ಎಂಬ ಮಾತಿನಲ್ಲಿಯೇ ಕಾದಿ ಮಡಿದವನ ಕಥೆ ಅಡಗಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಎಂಬ ಕ್ರಮವನ್ನು ನಾವೆಲ್ಲ ನೋಡಿದ್ದೇವೆ. ಲೀಜನ್ ಸೈನಿಕನ ಕಲ್ಲಿನಲ್ಲಿ ಸಾಮಾನ್ಯವಾಗಿ ಸಾವಿನ ಸುದ್ದಿಯೇ ಇರುವುದಿಲ್ಲ. ಹೆಸರು, ತಂದೆಯ ಹೆಸರು, ಊರು, ದಳ, ವಯಸ್ಸು, ದುಡಿದ ವರ್ಷಗಳು, ಕಲ್ಲು ನಿಲ್ಲಿಸಿದವರ ಹೆಸರು: ಇಷ್ಟರಲ್ಲಿ ಶಾಸನ ಮುಗಿಯುತ್ತದೆ. ಜ್ವರದಿಂದ ಸತ್ತವನಿಗೂ ಈಟಿ ತಗುಲಿ ಸತ್ತವನಿಗೂ ಒಂದೇ ಬಗೆಯ ಒಕ್ಕಣೆ. ಸೇವಾ ಪುಸ್ತಕದ ಒಂದು ಪುಟವನ್ನೇ ಕಲ್ಲಿಗೆ ಇಳಿಸಿದಂತೆ ಕಾಣುತ್ತದೆ ಎಂದರೆ ತಪ್ಪಾಗಲಾರದು. ಆದ್ದರಿಂದ ಸಮಾಧಿಕಲ್ಲು ಎಂಬ ಸಾದಾ ಮಾತೇ ಸಾಕು.

ರೋಮನ್ ಸೈನಿಕರೆಲ್ಲ ಲೀಜನ್‌ನವರೇ ತಾನೆ? ಬೇರೆ ಬೇರೆ ಅಂತ ಯಾಕೆ ಹೇಳುತ್ತೀರಿ?

ಲೀಜನ್ ಎಂದರೆ ಸುಮಾರು 5,000 ಮಂದಿಯ ಕಾಲಾಳುಪ್ರಧಾನ ದಳ. ಅದಕ್ಕೆ ಸೇರಲು ರೋಮನ್ ಪೌರತ್ವ ಬೇಕಿತ್ತು. ಪೌರತ್ವವಿಲ್ಲದ ಪ್ರಜೆಗಳಿಗೆ ಸಹಾಯಕ ದಳಗಳಿದ್ದವು, ಅವುಗಳಲ್ಲಿ ಕುದುರೆ ಸವಾರರ ದಳಗಳೂ ಸೇರಿದ್ದವು. ಸವಾರನೊಬ್ಬ ಬಿದ್ದ ಶತ್ರುವಿನ ಮೇಲೆ ಕುದುರೆ ಹಾಯಿಸುವ ಪ್ರಸಿದ್ಧ ಸಮಾಧಿಕಲ್ಲುಗಳಲ್ಲಿ ಬಹುಪಾಲು ಈ ಸಹಾಯಕ ದಳದವರದು. ಲೀಜನ್ನಿನವನು ಸಾಮಾನ್ಯವಾಗಿ ಸುಮ್ಮನೆ ನಿಂತು ನಮ್ಮನ್ನು ನೋಡುತ್ತಾನೆ.

ಈ ಕಲ್ಲುಗಳನ್ನು ಎಲ್ಲಿ ನಿಲ್ಲಿಸುತ್ತಿದ್ದರು? ಕೋಟೆಯ ಒಳಗೇ?

ಒಳಗಲ್ಲ. ಊರ ಮಿತಿಯೊಳಗೆ ಹೂಳಬಾರದು, ಸುಡಬಾರದು ಎಂಬುದು ರೋಮನ್ನರ ಬಹು ಹಳೆಯ ಕಟ್ಟಳೆ. ರೋಮನ್ನರ ಮೊತ್ತಮೊದಲ ಲಿಖಿತ ಕಾನೂನಾದ ‘ಹನ್ನೆರಡು ಫಲಕಗಳ ಕಾನೂನಿ’ನಲ್ಲಿಯೇ ಅದು ಇದೆ. ಹೀಗಾಗಿ ಕೋಟೆಯ ಹೆಬ್ಬಾಗಿಲು ದಾಟಿದ ಕೂಡಲೇ ರಸ್ತೆಯ ಎರಡೂ ಬದಿಗೆ ಸಮಾಧಿಗಳ ಸಾಲು ಶುರುವಾಗುತ್ತಿತ್ತು. ಜನ ಓಡಾಡುವ ದಾರಿಯಲ್ಲಿ ಕಲ್ಲು ನಿಲ್ಲಿಸುವುದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಹೋಗುವವರು ಬರುವವರು ಹೆಸರನ್ನು ಓದುತ್ತಿದ್ದರು, ಆ ಕಾಲದಲ್ಲಿ ಓದು ಹೆಚ್ಚಾಗಿ ಬಾಯಿಬಿಟ್ಟು ಓದುವುದೇ ಆಗಿತ್ತು.

ಕಲ್ಲಿನ ಕೆಳಗೆ ಹೆಣ ಇರುತ್ತಿತ್ತೇ?

ಕ್ರಿ.ಶ. 1 ಮತ್ತು 2ನೇ ಶತಮಾನಗಳಲ್ಲಿ ಸೈನಿಕರನ್ನು ಹೆಚ್ಚಾಗಿ ಸುಡುತ್ತಿದ್ದರು. ಉಳಿದ ಮೂಳೆ ಬೂದಿಗಳನ್ನು ಮಡಕೆಯಲ್ಲೋ ಗಾಜಿನ ಪಾತ್ರೆಯಲ್ಲೋ ಸೀಸದ ಡಬ್ಬಿಯಲ್ಲೋ ತುಂಬಿ ಕಲ್ಲಿನ ಬಳಿ ಇಡುತ್ತಿದ್ದರು. ಹೂಳುವ ಪದ್ಧತಿ 3ನೇ ಶತಮಾನದ ಹೊತ್ತಿಗೆ ಬಲವಾಯಿತು.

## ಬರಹವನ್ನು ಓದುವ ಬಗೆ

ಲ್ಯಾಟಿನ್ ಬರುವುದಿಲ್ಲ. ಆದರೂ ಓದಬಹುದೇ?

ಧಾರಾಳವಾಗಿ ಓದಬಹುದು. ಹತ್ತು ಹನ್ನೆರಡು ಸಂಕ್ಷೇಪಗಳ ಪರಿಚಯವಾದರೆ ಮುಕ್ಕಾಲು ಕಲ್ಲುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಇಂಗ್ಲೆಂಡಿನ ಲಿಂಕನ್‌ನಲ್ಲಿ ಸಿಕ್ಕ ಗಾಯುಸ್ ಸೌಫೇಯುಸ್‌ನ ಕಲ್ಲನ್ನು ತೆಗೆದುಕೊಳ್ಳಿ. ಮೊದಲು ಅವನ ಹೆಸರು. ಅನಂತರ ಬರುವ ಸಿ, ಎಫ್ ಎಂಬ ಎರಡು ಅಕ್ಷರಗಳಿಗೆ ‘ಗಾಯುಸ್‌ನ ಮಗ’ ಎಂದು ಅರ್ಥ (ಗಾಯುಸ್ ಎಂಬ ಹೆಸರನ್ನು ಸಿ ಎಂದೇ ಸಂಕ್ಷೇಪಿಸುತ್ತಿದ್ದರು, ತಂದೆಗೂ ಅದೇ ಹೆಸರು). ಅದರ ಹಿಂದೆಯೇ ಫಾಬಿಯಾ ಎಂಬ ಮತದಾರರ ಗಣದ ಸಂಕ್ಷೇಪ, ಹೆರಾಕ್ಲೆಯಾ ಎಂಬ ಹುಟ್ಟೂರಿನ ಸಂಕ್ಷೇಪ, 9ನೇ ಲೀಜನ್ನಿನ ಸೈನಿಕ ಎಂಬ ಮಾತು. ಮುಂದೆ 40 ಎಂಬ ವಯಸ್ಸು, ‘ಸ್ಟಿಪ್’ ಎಂಬುದರ ಮುಂದೆ 22 ಎಂಬ ಸೇವಾವರ್ಷ, ಕೊನೆಗೆ ಎಚ್, ಎಸ್, ಇ ಎಂಬ ಮೂರು ಅಕ್ಷರಗಳು: ‘ಹಿಕ್ ಸಿತುಸ್ ಎಸ್ತ್’, ಅಂದರೆ ಇವನು ಇಲ್ಲಿ ಇದ್ದಾನೆ.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಅಂಕಿ ಬರೆಯುವ ರೀತಿ. ಶಾಲೆಯಲ್ಲಿ ನಾವು ಕಲಿತ ರೋಮನ್ ಅಂಕಿಗಳಲ್ಲಿ ಒಂಬತ್ತು ಎಂದರೆ ಹತ್ತಕ್ಕೆ ಒಂದು ಕಡಿಮೆ ಎಂದು ಬರೆಯಬೇಕು. ಈ ಕಲ್ಲಿನಲ್ಲಿ ಐದರ ಗುರುತಿನ ಮುಂದೆ ನಾಲ್ಕು ಗೀಟುಗಳನ್ನು ಎಳೆದುಬಿಟ್ಟಿದ್ದಾರೆ. ನಲವತ್ತಕ್ಕೆ ಹತ್ತರ ಗುರುತು ನಾಲ್ಕು ಸಲ. ಇಂಥದ್ದನ್ನು ಕಂಡು ಶಿಲ್ಪಿ ತಪ್ಪು ಮಾಡಿದ್ದಾನೆ ಎಂದು ಪತ್ರ ಬರೆಯುವವರಿದ್ದಾರೆ. ತಪ್ಪಲ್ಲ, ಆಗ ಎರಡೂ ರೂಢಿಯಲ್ಲಿದ್ದವು.

ಮತದಾರರ ಗಣ ಅಂದಿರಲ್ಲ, ಸೈನಿಕನ ಸಮಾಧಿಗೂ ಮತಕ್ಕೂ ಏನು ಸಂಬಂಧ?

ರೋಮನ್ ಪೌರರನ್ನೆಲ್ಲ 35 ಗಣಗಳಲ್ಲಿ ಹಂಚಲಾಗಿತ್ತು. ಸಾಮ್ರಾಟರ ಕಾಲಕ್ಕೆ ಮತ ಹಾಕುವುದು ಹೆಸರಿಗಷ್ಟೇ ಉಳಿದಿತ್ತು, ಆದರೂ ಗಣದ ಹೆಸರನ್ನು ಬಿಡಲಿಲ್ಲ. ‘ನಾನು ಪೌರ’ ಎಂದು ಸಾರುವ ಚೊಕ್ಕ ಸಾಧನ ಅದು.

ಕಲ್ಲಿನಲ್ಲಿ ಇಸವಿಯೇ ಇಲ್ಲವಲ್ಲ, ಕಾಲ ಹೇಗೆ ಹೇಳುತ್ತೀರಿ?

ಸಣ್ಣ ಸಣ್ಣ ಸುಳಿವುಗಳನ್ನು ಕೂಡಿಸಿ ಹೇಳುತ್ತೇವೆ. ಗಾಯುಸ್ ಸೌಫೇಯುಸ್‌ನಂತೆ ಎರಡೇ ಹೆಸರುಗಳಿದ್ದು ಮೂರನೆಯ ಹೆಸರಿಲ್ಲದ ಸೈನಿಕ ಸಾಮಾನ್ಯವಾಗಿ 1ನೇ ಶತಮಾನದ ಮಧ್ಯಭಾಗಕ್ಕಿಂತ ತೀರ ಈಚೆಯವನಲ್ಲ. ‘ಇವನು ಇಲ್ಲಿ ಇದ್ದಾನೆ’ ಎಂಬ ಮುಕ್ತಾಯ ಹಳೆಯದು. ‘ಪಿತೃದೇವತೆಗಳಿಗೆ’ ಎಂಬರ್ಥದ ‘ಡಿಸ್ ಮಾನಿಬುಸ್’, ಅಂದರೆ ತಲೆಯಲ್ಲಿ ಡಿ, ಎಂ ಎಂಬ ಎರಡು ಅಕ್ಷರ, ಹೆಚ್ಚಾಗಿ ಆ ಶತಮಾನದ ಕೊನೆಯ ಭಾಗದಿಂದೀಚೆಗೆ ಹರಡಿತು.

ಎಲ್ಲಕ್ಕಿಂತ ಗಟ್ಟಿಯಾದ ಸುಳಿವು ಲೀಜನ್ನಿನ ಬಿರುದು. 14 ಮತ್ತು 20ನೇ ಲೀಜನ್‌ಗಳು ಕ್ರಿ.ಶ. 60–61ರಲ್ಲಿ ಬ್ರಿಟನ್ನಿನ ಬೂಡಿಕಾ ರಾಣಿಯ ದಂಗೆಯನ್ನು ಅಡಗಿಸಿದವು. 14ನೆಯದಕ್ಕೆ ‘ಮಾರ್ತಿಯಾ ವಿಕ್ಟ್ರಿಕ್ಸ್’ ಎಂಬ ಬಿರುದು ಆ ಗೆಲುವಿನಿಂದ ಬಂತು, 20ನೆಯದರ ‘ವಲೇರಿಯಾ ವಿಕ್ಟ್ರಿಕ್ಸ್’ ಕೂಡ ಆಗಲೇ ಬಂತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಾಗಿ ಬ್ರಿಟನ್ನಿನ ಕಲ್ಲೊಂದರಲ್ಲಿ ಬರೀ ‘20ನೇ ಲೀಜನ್’ ಎಂದಷ್ಟೇ ಇದ್ದರೆ, ರೋಮನ್ನರು ಬ್ರಿಟನ್ನಿಗೆ ನುಗ್ಗಿದ ಕ್ರಿ.ಶ. 43ರ ದಂಡಯಾತ್ರೆಗೂ ಆ ದಂಗೆಗೂ ನಡುವಿನ ಹದಿನೇಳು ಹದಿನೆಂಟು ವರ್ಷಗಳಲ್ಲಿ ಅದನ್ನು ಕೂರಿಸಬಹುದು. ಜರ್ಮನಿಯ ಮೈನ್ಸ್‌ನಲ್ಲಿ 14ನೇ ಲೀಜನ್ ಎರಡು ಸಲ ಬೀಡುಬಿಟ್ಟಿತ್ತು; ಬಿರುದಿಲ್ಲದ ಕಲ್ಲುಗಳು ಮೊದಲ ಬೀಡಿನವು, ಬಿರುದಿರುವವು ಎರಡನೆಯದರವು.

ವಯಸ್ಸು, ಸೇವಾವರ್ಷಗಳನ್ನು ನಂಬಬಹುದೇ?

ಸೇವಾವರ್ಷವನ್ನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದು ಸಂಬಳಕ್ಕೆ ತಳುಕುಹಾಕಿಕೊಂಡ ಲೆಕ್ಕ. ‘ಸ್ಟಿಪೆಂಡಿಯಾ’ ಎಂಬ ಪದಕ್ಕೆ ಮೂಲದಲ್ಲಿ ಸಂಬಳ ಎಂದೇ ಅರ್ಥ. ವಯಸ್ಸು ಅಷ್ಟು ಖಚಿತವಲ್ಲ. 40, 50 ಎಂಬ ದುಂಡು ಸಂಖ್ಯೆಗಳು ಬೇಕಾದಷ್ಟು ಸಿಗುತ್ತವೆ. ವೇಲ್ಸ್‌ನ ಕಾರ್ಲಿಯನ್‌ನಲ್ಲಿ 2ನೇ ಅಗಸ್ಟಾ ಲೀಜನ್ನಿನ ನಿವೃತ್ತ ಸೈನಿಕ ಯೂಲಿಯುಸ್ ವಲೆನ್ಸ್ ‘100 ವರ್ಷ ಬದುಕಿದ’ ಎಂದು ಹೆಂಡತಿ ಸೆಕುಂಡೀನಾಳೂ ಮಗ ಮಾರ್ತೀನುಸ್‌ನೂ ಬರೆಸಿದ್ದಾರೆ. ಅಜ್ಜನಿಗೆ ನೂರಾಯಿತು ಎಂದು ನಮ್ಮ ಮನೆಗಳಲ್ಲಿ ಹೇಳುವುದಿಲ್ಲವೇ, ಹಾಗೆ ಇದ್ದಿರಬಹುದು.

ಎರಡೂ ಸಂಖ್ಯೆ ಇದ್ದಲ್ಲಿ ಒಂದು ಕಳೆಯುವ ಲೆಕ್ಕ ಮಾಡಿ ನೋಡಿ. ಸೌಫೇಯುಸ್ 40ರಲ್ಲಿ 22 ಕಳೆದರೆ 18. ಮೈನ್ಸ್‌ನ ಫ್ಲಾವೊಲೇಯುಸ್ ಕೊರ್ಡುಸ್ 43ರಲ್ಲಿ 23 ಕಳೆದರೆ 20. ಅದೇ ಊರಿನ ಗ್ನಾಯುಸ್ ಮೂಸಿಯುಸ್ 32ರಲ್ಲಿ 15 ಕಳೆದರೆ 17. ವೀಸ್‌ಬಾಡೆನ್‌ನ ವಲೇರಿಯುಸ್ ಕ್ರಿಸ್ಪುಸ್ 40ರಲ್ಲಿ 21 ಕಳೆದರೆ 19. ಮೀಸೆ ಚಿಗುರುವ ವಯಸ್ಸಿನಲ್ಲಿ ಮನೆ ಬಿಟ್ಟ ಹುಡುಗರ ಸಾಲು ಕಣ್ಣೆದುರು ನಿಲ್ಲುತ್ತದೆ.

## ಚಿತ್ರ, ಬಣ್ಣ, ಖರ್ಚು

ಕೆತ್ತಿರುವ ಮುಖ ನಿಜವಾಗಿಯೂ ಆ ಸೈನಿಕನದೇ?

ಹಲವು ಸಲ ಅಲ್ಲ. ಶಿಲ್ಪಿಯ ಬಳಿ ಸಿದ್ಧ ಮಾದರಿಗಳಿರುತ್ತಿದ್ದವು. ಮುಖಕ್ಕಿಂತ ಹೆಚ್ಚಿನ ನಿಗಾ ಸಲ್ಲುತ್ತಿದ್ದುದು ಹುದ್ದೆಯನ್ನು ತೋರಿಸುವ ವಸ್ತುಗಳಿಗೆ. ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ 1868ರಲ್ಲಿ ಸಿಕ್ಕ ಮಾರ್ಕುಸ್ ಫಾವೋನಿಯುಸ್ ಫಾಕಿಲಿಸ್‌ನ ಕಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ಇವನು ಬಿರುದು ಬರುವ ಮುಂಚಿನ 20ನೇ ಲೀಜನ್ನಿನ ಸೆಂಚುರಿಯನ್, ಅಂದರೆ ಸುಮಾರು 80 ಮಂದಿಯ ತುಕಡಿಯ ನಾಯಕ. ಗೂಡಿನಂಥ ಚೌಕಟ್ಟಿನಲ್ಲಿ ಬರಿದಲೆಯಲ್ಲಿ ನಿಂತಿದ್ದಾನೆ. ಎದೆಗೆ ಕವಚ, ಮೊಣಕಾಲ ಕೆಳಗೆ ಜಂಘಾತ್ರಾಣ, ಎಡ ಭುಜದ ಮೇಲಿಂದ ಇಳಿಬಿದ್ದ ಮೇಲುಹೊದಿಕೆ. ಎಡಗೈ ಕತ್ತಿಯ ಹಿಡಿಯ ಮೇಲಿದೆ. ಸಾಮಾನ್ಯ ಸೈನಿಕನ ಕತ್ತಿ ಬಲಕ್ಕೆ ತೂಗಿದರೆ ಸೆಂಚುರಿಯನ್‌ನದು ಎಡಕ್ಕೆ. ಬಲಗೈಯಲ್ಲಿ ಒಂದು ದ್ರಾಕ್ಷಿಬಳ್ಳಿಯ ಕೋಲು.

ಆ ಕೋಲೇ ಅವನ ಅಧಿಕಾರದ ಗುರುತು, ಅದರಿಂದಲೇ ಸೈನಿಕರ ಬೆನ್ನಿಗೆ ಬಾರಿಸುತ್ತಿದ್ದುದು. ಬೆನ್ನಿನ ಮೇಲೆ ಕೋಲು ಮುರಿದು ‘ಇನ್ನೊಂದು ತಾ’ ಎಂದು ಕೂಗುತ್ತಿದ್ದ ಲೂಕಿಲಿಯುಸ್ ಎಂಬ ಸೆಂಚುರಿಯನ್‌ಗೆ ‘ಇನ್ನೊಂದು ತಾ’ ಎಂದೇ ಅಡ್ಡಹೆಸರು ಬಿದ್ದಿತ್ತೆಂದೂ, ಕ್ರಿ.ಶ. 14ರ ದಂಗೆಯಲ್ಲಿ ಅವನ ಸೈನಿಕರೇ ಅವನನ್ನು ಕೊಂದರೆಂದೂ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಫಾಕಿಲಿಸ್‌ನ ಕೋಲನ್ನು ನೋಡುವಾಗ ಈ ಕಥೆ ನೆನಪಾಗದೆ ಇರದು. ಅಂದಹಾಗೆ ಫಾಕಿಲಿಸ್ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ ‘ಸರಳ’, ‘ಸಲೀಸು’ ಎಂದು ಅರ್ಥ.

ಆಗಲೂ ಹೀಗೇ ಬೂದುಬಣ್ಣದ ಕಲ್ಲಾಗಿಯೇ ಇದ್ದವೇ?

ಇಲ್ಲ, ಬಣ್ಣ ಬಳಿಯುತ್ತಿದ್ದರು. ಮೇಲ್ಮೈಗೆ ತೆಳುವಾದ ಗಾರೆಯ ಲೇಪ ಕೊಟ್ಟು ಉಡುಪು, ಚರ್ಮ, ಆಯುಧಗಳಿಗೆ ಬಣ್ಣ ತುಂಬುತ್ತಿದ್ದರು. ಅಕ್ಷರಗಳ ಕುಳಿಗೆ ಸಾಮಾನ್ಯವಾಗಿ ಕೆಂಪು. ಕೆತ್ತನೆಯಲ್ಲಿ ಕವಚದ ಕೊಂಡಿಗಳೇ ಕಾಣದಿದ್ದರೆ ಅವನ್ನು ಬಣ್ಣದಲ್ಲಿ ಬಿಡಿಸಿದ್ದಿರಬಹುದೆಂದು ಊಹಿಸಬೇಕು. ಬರೀ ಕಲ್ಲು ನೋಡಿ ‘ಇವನು ಚರ್ಮದ ಅಂಗಿ ತೊಟ್ಟಿದ್ದಾನೆ’ ಎಂದು ತೀರ್ಮಾನಿಸಿದ ಹಳೆಯ ಬರಹಗಳು ಅನೇಕ, ಅವನ್ನು ಎಚ್ಚರದಿಂದ ಓದಬೇಕು.

ದುಡ್ಡು ಯಾರು ಹಾಕುತ್ತಿದ್ದರು? ಸರ್ಕಾರವೇ?

ಸರ್ಕಾರವಲ್ಲ. ಲೀಜನ್ ಸೈನಿಕನ ವಾರ್ಷಿಕ ಸಂಬಳ ಸಾಮ್ರಾಟ ಅಗಸ್ಟಸ್‌ನ ಕಾಲದಿಂದ ಸಾಮ್ರಾಟ ಡೊಮಿಶಿಯನ್‌ನ ಕಾಲದವರೆಗೆ 225 ದಿನಾರಿ, ಅಂದರೆ ಬೆಳ್ಳಿ ನಾಣ್ಯಗಳು. ಊಟ ಬಟ್ಟೆಗಳ ಬಾಬ್ತು ಅದರಲ್ಲೇ ಕಡಿತವಾಗುತ್ತಿತ್ತು. ಉಳಿತಾಯದ ಚೀಲಗಳು ಧ್ವಜಗಳ ಬಳಿ ಇರುತ್ತಿದ್ದವು. ಲೀಜನ್ನಿನ ಹತ್ತು ದೊಡ್ಡ ವಿಭಾಗಗಳಿಗೆ (ಕೊಹಾರ್ಟ್) ಹತ್ತು ಚೀಲಗಳಿದ್ದವೆಂದೂ, ಹನ್ನೊಂದನೆಯ ಚೀಲಕ್ಕೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಅದರಿಂದ ಸತ್ತವರ ಸಂಸ್ಕಾರ ನಡೆಸುತ್ತಿದ್ದರೆಂದೂ ಸೈನ್ಯದ ಬಗ್ಗೆ ಬರೆದ ರೋಮನ್ ಲೇಖಕ ವೆಗೆಟಿಯುಸ್ ಹೇಳುತ್ತಾನೆ. ಅದು ಸಂಸ್ಕಾರದ ಖರ್ಚಾಯಿತು. ಕೆತ್ತಿದ ಕಲ್ಲು ಬೇಕೆಂದರೆ ಬೇರೆ ದಾರಿ ಹುಡುಕಬೇಕು.

ಸಾಮಾನ್ಯವಾಗಿ ಉಯಿಲಿನ ಪ್ರಕಾರ ವಾರಸುದಾರ ನಿಲ್ಲಿಸುತ್ತಿದ್ದ. ಕೊರ್ಡುಸ್‌ನ ಕಲ್ಲನ್ನು ವಿಬೆನ್ನಿಯುಸ್ ಎಂಬವನು ‘ಉಯಿಲಿನಂತೆ’ ಮಾಡಿಸಿದ. ಹದ್ದಿನ ಧ್ವಜ ಹೊರುತ್ತಿದ್ದ ಮೂಸಿಯುಸ್‌ಗೆ ಸೆಂಚುರಿಯನ್ ಆಗಿದ್ದ ಅಣ್ಣನೋ ತಮ್ಮನೋ ಮಾಡಿಸಿದ. ಲ್ಯಾಟಿನ್‌ನ ‘ಫ್ರಾತೆರ್’ ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಕಷ್ಟ ನಮ್ಮದು. ಫಾಕಿಲಿಸ್‌ಗೆ ಅವನೇ ಬಿಡುಗಡೆ ಮಾಡಿದ ದಾಸರಾದ ವೆರೆಕುಂಡುಸ್ ಮತ್ತು ನೊವಿಕಿಯುಸ್ ನಿಲ್ಲಿಸಿದರು. ನನಗೆ ಹೆಚ್ಚು ಇಷ್ಟವಾದದ್ದು ಇಂಗ್ಲೆಂಡಿನ ಬಾತ್ ನಗರದ ಯೂಲಿಯುಸ್ ವಿಟಾಲಿಸ್‌ನ ಕಲ್ಲು. 20ನೇ ಲೀಜನ್ನಿನ ಆಯುಧ ಕಾರ್ಖಾನೆಯಲ್ಲಿ ದುಡಿದವನು, ಬೆಲ್ಗೇ ಕುಲದವನು, 9 ವರ್ಷ ಸೇವೆ, 29ಕ್ಕೆ ಸಾವು. ಅವನನ್ನು ಹೊತ್ತು ಸಾಗಿಸಿದ್ದು ಆಯುಧ ತಯಾರಕರ ಸಂಘದ ಖರ್ಚಿನಲ್ಲಿ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರದು. ಕಾಯಿಲೆ ವಾಸಿ ಮಾಡಿಕೊಳ್ಳಲು ಬಂದಿದ್ದನೇನೋ ಎಂದು ಹಲವರು ಊಹಿಸಿದ್ದಾರೆ, ಕಲ್ಲು ಹೇಳುವುದಿಲ್ಲ.

ಹೆಂಡತಿ ಮಕ್ಕಳ ಹೆಸರು ಯಾಕೆ ಕಾಣುವುದಿಲ್ಲ?

ಸೇವೆಯಲ್ಲಿರುವ ಸೈನಿಕ ಮದುವೆಯಾಗುವಂತಿರಲಿಲ್ಲ. ಈ ನಿಷೇಧವನ್ನು ಸಡಿಲಿಸಿದವನು ಸಾಮ್ರಾಟ ಸೆಪ್ಟಿಮಿಯಸ್ ಸೆವೆರಸ್, ಕ್ರಿ.ಶ. 197ರ ಸುಮಾರಿಗೆ. ಕಾನೂನು ಹೀಗಿದ್ದರೂ ಬಿಡಾರಗಳ ಸುತ್ತ ಸಂಸಾರಗಳಿದ್ದವು, ಕಾಲ ಕಳೆದಂತೆ ಕಲ್ಲುಗಳ ಮೇಲೂ ಅವು ಮೂಡುತ್ತವೆ. ಇಂಗ್ಲೆಂಡಿನ ಚೆಸ್ಟರ್‌ನ ಮಾರ್ಕುಸ್ ಔರೇಲಿಯುಸ್ ನೇಪೋಸ್ ಎಂಬ ಸೆಂಚುರಿಯನ್‌ಗೆ ‘ಅತ್ಯಂತ ನಿಷ್ಠೆಯ ಹೆಂಡತಿ’ ಮಾಡಿಸಿದ ಕಲ್ಲಿನಲ್ಲಿ ದಂಪತಿಗಳಿಬ್ಬರೂ ನಿಂತಿದ್ದಾರೆ. ಅವನ ಕೆಳಗೆ ಬರಹ ಇದೆ. ಅವಳ ಕೆಳಗಿನ ಜಾಗ ಖಾಲಿ. ತಾನು ಸತ್ತ ಮೇಲೆ ತುಂಬಿಸಲೆಂದು ಬಿಟ್ಟದ್ದು, ತುಂಬಿಸುವವರು ಯಾರೂ ಬರಲಿಲ್ಲ. ಹೀಗಾಗಿ ಅವಳ ಹೆಸರೂ ನಮಗೆ ತಿಳಿಯದು.

## ಇನ್ನಷ್ಟು ಆಳದ ಪ್ರಶ್ನೆಗಳು

ದೇಹವೇ ಸಿಗದಿದ್ದರೆ ಏನು ಮಾಡುತ್ತಿದ್ದರು?

ಖಾಲಿ ಸಮಾಧಿ ಕಟ್ಟುತ್ತಿದ್ದರು. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಮಾರ್ಕುಸ್ ಕೈಲಿಯುಸ್‌ನದು. ಜರ್ಮನಿಯ ಕ್ಸಾಂಟೆನ್ ಬಳಿ 17ನೇ ಶತಮಾನದಲ್ಲಿ ಸಿಕ್ಕಿ ಈಗ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಇಟಲಿಯ ಬೊಲೊನ್ಯಾದವನು, 18ನೇ ಲೀಜನ್ನಿನ ಸೆಂಚುರಿಯನ್, ವಯಸ್ಸು ಐವತ್ಮೂರೂವರೆ. ‘ವಾರುಸ್‌ನ ಯುದ್ಧದಲ್ಲಿ ಬಿದ್ದ’ ಎಂದು ಬರೆದಿದೆ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ರೋಮನ್ ಸೇನಾಪತಿ ವಾರುಸ್‌ನ ಕೈಕೆಳಗಿನ ಮೂರು ಲೀಜನ್‌ಗಳು ನುಚ್ಚುನೂರಾದವು. 17, 18, 19 ಎಂಬ ಸಂಖ್ಯೆಗಳನ್ನು ರೋಮನ್ನರು ಮತ್ತೆಂದೂ ಯಾವ ದಳಕ್ಕೂ ಇಡಲಿಲ್ಲ. ಸಾವಿನ ಕಾರಣ ಹೇಳದ ಈ ಶಾಸನಪ್ರಪಂಚದಲ್ಲಿ ಕೈಲಿಯುಸ್ ದೊಡ್ಡ ಅಪವಾದ.

ಚಿತ್ರದಲ್ಲಿ ಅವನ ತಲೆಗೆ ಓಕ್ ಎಲೆಗಳ ಕಿರೀಟ, ಎದೆಯ ತುಂಬ ಪದಕಗಳು, ಕೈಯಲ್ಲಿ ಅದೇ ಬಳ್ಳಿಕೋಲು. ಎರಡೂ ಪಕ್ಕದಲ್ಲಿ ಅವನು ಬಿಡುಗಡೆ ಮಾಡಿದ ದಾಸರಾದ ಪ್ರಿವಾತುಸ್, ಥಿಯಾಮಿನುಸ್ ಇಬ್ಬರ ತಲೆಗಳು. ಶಾಸನದಲ್ಲಿ ‘ಮೂಳೆಗಳನ್ನು ಒಳಗಿಡಲು ಅನುಮತಿಯಿದೆ’ ಎಂಬ ಒಂದು ಮಾತು ಬರುತ್ತದೆ. ಯಾರ ಮೂಳೆ? ಎಂದಾದರೂ ಸಿಕ್ಕರೆ ಕೈಲಿಯುಸ್‌ನವು ಎಂದು ಕೆಲವರು, ಆ ಇಬ್ಬರು ದಾಸರವು ಎಂದು ಇನ್ನು ಕೆಲವರು. ಒಡಹುಟ್ಟಿದವನಾದ ಪೂಬ್ಲಿಯುಸ್ ಈ ಕಲ್ಲನ್ನು ಮಾಡಿಸಿದ.

ಚೆಸ್ಟರ್‌ನ ಇನ್ನೊಂದು ಕಲ್ಲು ಇಷ್ಟು ಪ್ರಸಿದ್ಧವಲ್ಲ, ಆದರೆ ನೋಡಿದವರು ಮರೆಯುವುದಿಲ್ಲ. ಮೇಲ್ಭಾಗ ಒಡೆದು ಹೆಸರು ಹೋಗಿದೆ. ಸೆಂಚುರಿಯನ್ ಹುದ್ದೆಗೆ ಬಡ್ತಿಯ ನಿರೀಕ್ಷೆಯಲ್ಲಿದ್ದ ಉಪನಾಯಕನೊಬ್ಬ ಹಡಗು ಒಡೆದು ಸತ್ತ ಎಂದಿದೆ. ಕೊನೆಯಲ್ಲಿ ಎಚ್, ಎಸ್, ಇ ಇರಬೇಕಾದಲ್ಲಿ ಎಸ್, ಇ ಮಾತ್ರ ಇವೆ. ‘ಇಲ್ಲಿ’ ಎಂಬುದರ ಮೊದಲ ಅಕ್ಷರಕ್ಕೆ ಜಾಗ ಬಿಟ್ಟಿದ್ದಾರೆ, ಅಕ್ಷರ ಕೆತ್ತಿಲ್ಲ. ಸಮುದ್ರ ದೇಹವನ್ನು ಮರಳಿಸಿದರೆ ಆಗ ಕೆತ್ತೋಣ ಎಂದಿದ್ದಿರಬೇಕು.

ಬದುಕಿರುವಾಗಲೇ ತಮ್ಮ ಕಲ್ಲನ್ನು ತಾವೇ ಮಾಡಿಸಿಕೊಂಡವರು ಇದ್ದಾರೆಯೇ?

ಇದ್ದಾರೆ, ನಿವೃತ್ತರಲ್ಲಿ ಇದು ಸಾಮಾನ್ಯ. ಗ್ರೀಸಿನ ಫಿಲಿಪ್ಪಿ ಬಳಿ 1965ರಲ್ಲಿ ಸಿಕ್ಕ ತಿಬೇರಿಯುಸ್ ಕ್ಲೌಡಿಯುಸ್ ಮಾಕ್ಸಿಮುಸ್‌ನ ಕಲ್ಲು ಇವುಗಳಲ್ಲಿ ಮೇಲ್ಮಟ್ಟದ್ದು. 7ನೇ ಕ್ಲೌಡಿಯಾ ಲೀಜನ್ನಿನ ಸವಾರನಾಗಿ ಸೇರಿ, ಮುಂದೆ ಸಹಾಯಕ ಅಶ್ವದಳಕ್ಕೆ ಹೋಗಿ, ಡೇಸಿಯಾದ (ಇಂದಿನ ರೊಮೇನಿಯಾ ಪ್ರದೇಶ) ದೊರೆ ಡೆಕೆಬಾಲುಸ್‌ನನ್ನು ಹಿಡಿದು ಅವನ ತಲೆಯನ್ನು ಸಾಮ್ರಾಟ ಟ್ರೇಜನ್‌ಗೆ ಒಪ್ಪಿಸಿದ್ದಾಗಿ ಅವನೇ ಬರೆಸಿಕೊಂಡಿದ್ದಾನೆ. ಬಡಾಯಿ ಎಂದು ತಳ್ಳಿಹಾಕುವಂತಿಲ್ಲ: ರೋಮ್‌ನ ಟ್ರೇಜನ್ ಸ್ತಂಭದಲ್ಲಿ, ಕತ್ತು ಕೊಯ್ದುಕೊಳ್ಳುತ್ತಿರುವ ಡೆಕೆಬಾಲುಸ್‌ನತ್ತ ಕುದುರೆಯ ಮೇಲಿಂದ ಬಾಗಿ ಕೈಚಾಚುವ ಸವಾರನೊಬ್ಬನಿದ್ದಾನೆ. ಸ್ತಂಭದಲ್ಲಿ ಹೆಸರಿರಲಿಲ್ಲ, ಸಮಾಧಿಕಲ್ಲು ಹೆಸರನ್ನು ಕೊಟ್ಟಿತು.

ಇಷ್ಟು ಕಲ್ಲುಗಳು ಒಡೆದಿರುವುದು ಯಾಕೆ? ಶತ್ರುಗಳು ಒಡೆದರೇ?

ಶತ್ರುಗಳಿಗಿಂತ ಹೆಚ್ಚು ಒಡೆದವರು ರೋಮನ್ನರೇ. ಗೋಡೆ ಕಟ್ಟಲು ಅಚ್ಚುಕಟ್ಟಾದ ಕಲ್ಲು ಬೇಕಾದಾಗ ಹಳೆಯ ಸಮಾಧಿಗಳತ್ತ ಕೈ ಹೋಗುತ್ತಿತ್ತು. ಚೆಸ್ಟರ್‌ನ ಉತ್ತರದ ಕೋಟೆಗೋಡೆಯನ್ನು 1880 ಮತ್ತು 1890ರ ದಶಕಗಳಲ್ಲಿ ದುರಸ್ತಿ ಮಾಡುವಾಗ ಗೋಡೆಯೊಳಗಿನಿಂದ ಸಮಾಧಿಕಲ್ಲುಗಳ ರಾಶಿಯೇ ಹೊರಬಂತು. ಸಿರಿಯಾದ ಅಪಾಮಿಯಾದಲ್ಲಿಯೂ ಹೀಗೇ: 2ನೇ ಪಾರ್ಥಿಕಾ ಲೀಜನ್ನಿನ ಕಲ್ಲುಗಳು ಊರ ಗೋಡೆಯ ಬುರುಜಿನಲ್ಲಿ ಸಿಕ್ಕವು. ಅವುಗಳಲ್ಲೊಂದರಲ್ಲಿ ಧ್ವಜಧಾರಿ ಫೆಲ್ಸೋನಿಯುಸ್ ವೆರುಸ್ ಪಂಜರದಲ್ಲಿ ಹದ್ದು ಕುಳಿತ ಕೋಲನ್ನು ಹಿಡಿದಿದ್ದಾನೆ. ಮರುಬಳಕೆ ಎಂಬುದು ಅಪಚಾರವೇ ಸರಿ, ಆದರೆ ಮಳೆ ಬಿಸಿಲು ತಾಗದಂತೆ ಕಾಪಾಡಿದ್ದೂ ಅದೇ.

ಕೋಲ್ಚೆಸ್ಟರ್‌ನ ಕಲ್ಲುಗಳನ್ನು ಬೂಡಿಕಾ ಕಡೆಯವರು ಒಡೆದರು ಎಂದು ಓದಿದ್ದೇನೆ. ಅದು ಸುಳ್ಳೇ?

ಅರ್ಧ ಸುಳ್ಳು ಎನ್ನಬಹುದು. ಫಾಕಿಲಿಸ್‌ನ ಕಲ್ಲು ಎರಡು ತುಂಡಾಗಿ ಮುಖ ಕೆಳಗಾಗಿ ಬಿದ್ದಿತ್ತು, ಮೇಲ್ಮೈ ಹೆಚ್ಚು ಸವೆದಿರಲಿಲ್ಲ. ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಉರುಳಿತೆಂಬ ವಾದಕ್ಕೆ ಇದು ಆಧಾರ, ದಂಗೆಕೋರರು ಉರುಳಿಸಿರಬಹುದು. ಅದೇ ಊರಿನ ಇನ್ನೊಂದು ಕಲ್ಲು ಥ್ರೇಸ್‌ನ ಅಶ್ವದಳದ ಲೊಂಗೀನುಸ್‌ನದು. ಅವನು ಲೀಜನ್ನಿನವನಲ್ಲ, ಆದರೂ ಈ ಪ್ರಶ್ನೆಗೆ ಅವನು ಬೇಕು. 1928ರಲ್ಲಿ ಅದು ಸಿಕ್ಕಾಗ ಮುಖ ಇರಲಿಲ್ಲ. ರೋಮನ್ನರ ಮೇಲಿನ ದ್ವೇಷದಿಂದ ಮುಖವನ್ನೇ ಕೆತ್ತಿಹಾಕಿದರು ಎಂಬ ವಿವರಣೆ ದಶಕಗಳ ಕಾಲ ಓಡಿತು. 1996ರಲ್ಲಿ ಅದೇ ಜಾಗವನ್ನು ಮತ್ತೆ ಅಗೆದಾಗ ಆ ಮುಖ ಮಣ್ಣಿನಲ್ಲಿ ಸಿಕ್ಕಿತು. 1928ರಲ್ಲಿ ಅಗೆದವರ ಕೈಯಲ್ಲೇ ಅದು ಕಳಚಿಕೊಂಡು ಅವರ ಕಣ್ಣಿಗೆ ಬೀಳದೆ ಹೋಗಿತ್ತು. ಈಗ ಮುಖವನ್ನು ಕಲ್ಲಿಗೆ ಸೇರಿಸಿದ್ದಾರೆ.

ಈ ಕಲ್ಲುಗಳ ವಯಸ್ಸನ್ನೆಲ್ಲ ಕೂಡಿಸಿ ಸೈನಿಕರ ಸರಾಸರಿ ಆಯುಷ್ಯ ತೆಗೆಯಬಹುದೇ?

ಬೇಡ. ಕಲ್ಲು ಪಡೆದವರು ಇಡೀ ಸೈನ್ಯದ ಪ್ರತಿನಿಧಿಗಳಲ್ಲ. ಧ್ವಜಧಾರಿ, ಉಪನಾಯಕ, ಸೆಂಚುರಿಯನ್‌ಗಳ ಪಾಲು ಅವರ ನಿಜವಾದ ಸಂಖ್ಯೆಗಿಂತ ಬಹಳ ಹೆಚ್ಚು. ದಂಡಯಾತ್ರೆಯಲ್ಲಿ ಸತ್ತವನು ಅಲ್ಲೇ ಮಣ್ಣಾಗುತ್ತಿದ್ದ. ಬಿಡುಗಡೆಯಾಗಿ ಊರು ಸೇರಿದವನ ಹೆಸರು ಅಲ್ಲೆಲ್ಲೋ ಇದ್ದೀತು, ಇಲ್ಲದೆಯೂ ಇದ್ದೀತು. ಉಳಿದ ಸಾವಿರಾರು ಮಂದಿಗೆ ಮರದ ಹಲಗೆಯೊಂದು ನಿಂತು ಕೊಳೆತಿದ್ದಿರಬಹುದು.

ಕಲ್ಲುಗಳು ಚೆನ್ನಾಗಿ ತೋರಿಸಿಕೊಡುವುದು ಊರುಗಳನ್ನು. 1ನೇ ಶತಮಾನದ ಮೊದಲ ಭಾಗದ ಮೈನ್ಸ್‌ನಲ್ಲಿ ಇಟಲಿಯವರೇ ಹೆಚ್ಚು: ಕೊರ್ಡುಸ್ ಮೊಡೆನಾದವನು, ಮೂಸಿಯುಸ್ ವೆಲೇಯಾದವನು. ಇಂಗ್ಲೆಂಡಿನ ಯಾರ್ಕ್‌ಗೆ ಬಂದರೆ 28ಕ್ಕೆ ಸತ್ತ 9ನೇ ಲೀಜನ್ನಿನ ಧ್ವಜಧಾರಿ ಡುಕ್ಕಿಯುಸ್ ರೂಫೀನುಸ್ ಇಂದಿನ ಫ್ರಾನ್ಸಿನ ವಿಯೆನ್‌ನವನು. ಚೆಸ್ಟರ್‌ನ ಉಪನಾಯಕ ಕೈಕಿಲಿಯುಸ್ ಅವಿಟುಸ್ ಸ್ಪೇನಿನ ಮೆರಿಡಾದವನು. ಚಳಿಯಲ್ಲಿ ದಪ್ಪನೆಯ ಹೊದಿಕೆ ಹೊದ್ದು, ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಲೆಕ್ಕ ಬರೆಯುವ ಹಲಗೆಗಳನ್ನು ಹಿಡಿದು ನಿಂತಿದ್ದಾನೆ. ಹದಿನೈದು ವರ್ಷ ಸೇವೆ, ಮೂವತ್ನಾಲ್ಕು ವರ್ಷ ಬದುಕು.